ಮುಕ್ತ ವ್ಯಾಪಾರ ಒಪ್ಪಂದಗಳು ಮತ್ತು ಮೆಡಿಟರೇನಿಯನ್ ಬಗೆಯ ಬೆಳೆಗಳು: ಗದಗ ಸೀಮೆ

ಎರಡು ಅಥವಾ ಹೆಚ್ಚು ದೇಶಗಳು ಪರಸ್ಪರರ ಸರಕಿನ ಮೇಲಿನ ಆಮದು ಸುಂಕವನ್ನು ಹಂತಹಂತವಾಗಿ ಇಳಿಸಲು ಇಲ್ಲವೆ ರದ್ದುಮಾಡಲು ಮಾಡಿಕೊಳ್ಳುವ ಕರಾರಿಗೆ ಮುಕ್ತ ವ್ಯಾಪಾರ ಒಪ್ಪಂದವೆಂದು ಹೆಸರು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಹುಟ್ಟಿದ ಅಥವಾ ಅಲ್ಲಿ ನೆಲೆಯೂರಿದ ಆಲಿವ್, ದ್ರಾಕ್ಷಿ, ಕಿತ್ತಳೆ, ಅಂಜೂರ, ದಾಳಿಂಬೆ, ಕಡಲೆ, ಕುಸುಬೆ, ಗಟ್ಟಿ ಗೋಧಿ, ಕೊತ್ತಂಬರಿ, ಈರುಳ್ಳಿ, ಟೊಮ್ಯಾಟೊ ಮುಂತಾದವನ್ನು ಮೆಡಿಟರೇನಿಯನ್ ಬಗೆಯ ಬೆಳೆಗಳೆಂದು ಕರೆಯಬಹುದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆ ಆಲಿವ್ ಬೆಳೆಯುವ ನಾಡಲ್ಲ. ಆದರೂ ಈ ಪಟ್ಟಿಯ ಹಲವು ಬೆಳೆಗಳು ಇಲ್ಲಿನ ಎರೆಹೊಲದ ಹಿಂಗಾರಿಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಹೀಗಾಗಿ ಭಾರತ ಎಲ್ಲೋ ಸಹಿ ಹಾಕುವ ಒಪ್ಪಂದಗಳ ಬಿಸಿ ಗದಗದ ಕೃಷಿ ಉತ್ಪನ್ನ ಮಾರುಕಟ್ಟೆಯ ಹರಾಜು ಕಟ್ಟೆಗೂ ತಟ್ಟುತ್ತದೆ.

ನೆಲ ಮತ್ತು ಬೆಳೆ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುತ್ತದೆ. ಮೆಡಿಟರೇನಿಯನ್ ತೀರದಲ್ಲಿ ಮಳೆಗಾಲವೇ ಚಳಿಗಾಲ. ಗದಗದಲ್ಲಿ ಚಳಿಗಾಲ ಒಣಗಿರುತ್ತದೆ. ಈ ಕೊರತೆಯನ್ನು ತುಂಬುವುದು ಎರೆಮಣ್ಣು. ಸೆಪ್ಟೆಂಬರ್-ಅಕ್ಟೋಬರ್ ಮಳೆಯ ಹಸಿಯನ್ನು ಅದು ಆಳದಲ್ಲಿ ಹಿಡಿದಿಟ್ಟುಕೊಂಡು, ಒಂದು ಹನಿ ನೀರು ಹಾಯಿಸದೆಯೂ ಬೆಳೆ ಕೈಗೆ ಬರುವಂತೆ ಮಾಡುತ್ತದೆ. ಸೀಗೆ ಹುಣ್ಣಿಮೆಯ ಸುತ್ತಮುತ್ತ ಬಿತ್ತಿದ ಕಡಲೆ, ಬಿಳಿಜೋಳ, ಕುಸುಬೆ, ಗೋಧಿ ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಹೊಲ ತುಂಬಿ ನಿಂತಿರುತ್ತವೆ. ಶಿವರಾತ್ರಿಯ ಆಚೀಚೆ ಕಡಲೆ ರಾಶಿ ಮುಗಿದಿರುತ್ತದೆ. ಶಿರಹಟ್ಟಿ, ಮುಂಡರಗಿ ಭಾಗದ ಮಸಾರಿ ನೆಲದಲ್ಲಿ ಶೇಂಗಾ, ಸೂರ್ಯಕಾಂತಿ, ಮೆಕ್ಕೆಜೋಳ, ಹೆಸರು ಬೆಳೆಯುತ್ತವೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಕಟ್ಟಿದ ಬ್ಯಾರೇಜಿನಿಂದ ಸಿಂಗಟಾಲೂರು ಏತ ನೀರಾವರಿಯ ನೀರು ಕೆಲವು ಹೊಲಗಳಿಗೆ ಬಂದಿದೆಯಾದರೂ ಸೀಮೆಯ ಹೆಚ್ಚಿನ ಭಾಗ ಇಂದಿಗೂ ಮಳೆಯನ್ನೇ ನಂಬಿದೆ.

ಕಡಲೆಯ ತವರು ಇಂದಿನ ತುರ್ಕಿಯ ಆಗ್ನೇಯ ಭಾಗ. ಕುಸುಬೆಯದು ಮೆಡಿಟರೇನಿಯನ್ನಿನ ಪೂರ್ವ ದಂಡೆಯ ನಾಡುಗಳು. ಎರಡೂ ಇಲ್ಲಿಯವೇ ಆಗಿಹೋಗಿವೆ. ಗದಗಕ್ಕೆ ಹತ್ತಿರದ ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದ ಹೆಸರು ಹೊತ್ತ ಅಣ್ಣಿಗೇರಿ-1 ಕಡಲೆ ದಶಕಗಳ ಕಾಲ ಉತ್ತರ ಕರ್ನಾಟಕದ ಮುಖ್ಯ ತಳಿಯಾಗಿತ್ತು. ಸದಕ ಎಂದು ಕರೆಯುವ ಗೋಧಿಯೂ ಆ ನಾಡುಗಳ ಪ್ರಾಚೀನ ಬೆಳೆಗಳ ಗುಂಪಿಗೇ ಸೇರಿದ್ದು.

ಹಳೆಯ ಪಾಠ: ಹತ್ತಿ

ಹೊರಗಿನ ಪೇಟೆಯ ಏರಿಳಿತ ಈ ಸೀಮೆಗೆ ಹೊಸದಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸಲು ಯತ್ನಿಸಿತು. ಅದರಿಂದ ನೆಲೆನಿಂತ ತಳಿ ಧಾರವಾಡ-ಅಮೆರಿಕನ್ ಎಂದು ಹೆಸರಾಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ ಈಜಿಪ್ಟಿನ ಹತ್ತಿಗೂ ಧಾರವಾಡ ಸೀಮೆಯ ಹತ್ತಿಗೂ ಬಂಗಾರದ ಬೆಲೆ ಬಂತು; ಯುದ್ಧ ಮುಗಿದೊಡನೆ ಆ ಬೆಲೆ ಕುಸಿಯಿತು. 1880ರ ದಶಕದಲ್ಲಿ ಬಂದ ರೈಲು ಗದಗವನ್ನು ದೊಡ್ಡ ಹತ್ತಿ ಪೇಟೆಯಾಗಿಸಿತು.

ಇಂಥ ಏರಿಳಿತಕ್ಕೆ ಇಲ್ಲಿನ ರೈತರು ಕಂಡುಕೊಂಡ ಉತ್ತರ ಸಹಕಾರ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಮುಂದಿನ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟ ಸಹಕಾರ ಸಂಘಗಳು ಬಂದವು. ಸಾಲದ ಒತ್ತಡವಿಲ್ಲದ ರೈತ ಮಾತ್ರ ಒಳ್ಳೆಯ ಬೆಲೆ ಬರುವವರೆಗೆ ಮಾಲು ಹಿಡಿದಿಟ್ಟುಕೊಳ್ಳಬಲ್ಲ ಎಂಬುದು ಈ ಸಂಘಗಳ ಹಿಂದಿದ್ದ ತಿಳಿವಳಿಕೆ. ಅದು ಇಂದಿಗೂ ಹಳತಾಗಿಲ್ಲ.

ಈಜಿಪ್ಟಿನ ಬಗೆಯ ಉದ್ದ ಎಳೆಯ ಹತ್ತಿಯನ್ನು ಅಮೆರಿಕದ ಬಗೆಯೊಂದಿಗೆ ಕೂಡಿಸಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ರೂಪಿಸಿದ ವರಲಕ್ಷ್ಮಿ, ಆಮೇಲೆ ಬಂದ ಡಿಸಿಎಚ್-32 ತಳಿಗಳು ಉತ್ತರ ಕರ್ನಾಟಕದಲ್ಲಿ ಹೊಸ ಹತ್ತಿ ಯುಗವನ್ನೇ ತೆರೆದವು. ಹತ್ತಿಗೂ ಈಗ ಒಪ್ಪಂದಗಳ ಬಿಸಿ ತಟ್ಟಿದೆ: 2022ರ ಭಾರತ-ಆಸ್ಟ್ರೇಲಿಯಾ ಒಪ್ಪಂದ ವರ್ಷಕ್ಕೆ 51,000 ಟನ್ ಉದ್ದ ಎಳೆಯ ಹತ್ತಿಗೆ ಸುಂಕವಿಲ್ಲದ ಪ್ರವೇಶ ನೀಡಿತು. 2021ರಲ್ಲಿ ಹೇರಿದ ಶೇ. 11ರ ಹತ್ತಿ ಆಮದು ಸುಂಕವನ್ನು 2025ರ ಆಗಸ್ಟ್‌ನಲ್ಲಿ ಸರ್ಕಾರ ತಾತ್ಕಾಲಿಕವಾಗಿ ತೆಗೆದು, ಆ ವಿನಾಯಿತಿಯನ್ನು ಡಿಸೆಂಬರ್ ಕೊನೆಯವರೆಗೆ ಮುಂದುವರಿಸಿತು. ಹತ್ತಿ ಬಿಡಿಸಿ ಪೇಟೆಗೆ ತರುವ ತಿಂಗಳುಗಳು ಸರಿಯಾಗಿ ಅವೇ.

ಒಪ್ಪಂದ ಕೆಲಸ ಮಾಡುವ ಬಗೆ

ಒಪ್ಪಂದದಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ. ಮೊದಲನೆಯದು ಸುಂಕ ಇಳಿಕೆಯ ವೇಳಾಪಟ್ಟಿ. ಎರಡನೆಯದು ಕೋಟಾ, ಅಂದರೆ ಇಷ್ಟು ಟನ್‌ವರೆಗೆ ಮಾತ್ರ ಕಡಿಮೆ ಸುಂಕ ಎಂಬ ಮಿತಿ. ಮೂರನೆಯದು ಮೂಲದ ನಿಯಮ: ಸರಕು ನಿಜವಾಗಿ ಆ ದೇಶದ್ದೇ ಎಂದು ತೋರಿಸುವ ಷರತ್ತು. ನಾಲ್ಕನೆಯದು ಆರೋಗ್ಯ ಮತ್ತು ಸಸ್ಯರೋಗಕ್ಕೆ ಸಂಬಂಧಿಸಿದ ನಿಯಮಗಳು. ಇವುಗಳ ಜೊತೆಗೆ ‘ಸೂಕ್ಷ್ಮ ಸರಕು’ಗಳ ಪಟ್ಟಿಯೊಂದಿರುತ್ತದೆ, ಅದರಲ್ಲಿರುವ ಸರಕಿಗೆ ಒಪ್ಪಂದದಿಂದ ರಿಯಾಯಿತಿ ಸಿಗದು ಇಲ್ಲವೆ ಕಡಿಮೆ ಸಿಗುತ್ತದೆ.

ಒಪ್ಪಂದದ ಹೊರಗೆ ಇನ್ನೊಂದು ದಾರಿಯೂ ಇದೆ. ದೇಶದೊಳಗೆ ಬೆಲೆ ಏರಿತೆಂದು ಸರ್ಕಾರ ಒಂದು ಅಧಿಸೂಚನೆಯಿಂದ ಆಮದು ಸುಂಕ ಇಳಿಸಬಹುದು ಅಥವಾ ರಫ್ತು ನಿಲ್ಲಿಸಬಹುದು. ಗದಗದ ಬೆಳೆಗಳ ಮಟ್ಟಿಗೆ ಒಪ್ಪಂದದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಪರಿಣಾಮ ಬೀರಿರುವುದು ಈ ಅಧಿಸೂಚನೆಗಳು.

ಕಡಲೆ

2018ರ ಮಾರ್ಚ್‌ನಲ್ಲಿ ಕಡಲೆಯ ಆಮದು ಸುಂಕ ಶೇ. 60ಕ್ಕೆ ಏರಿತು. 2022ರ ಏಪ್ರಿಲ್ 2ರಂದು ಸಹಿಯಾಗಿ ಅದೇ ಡಿಸೆಂಬರ್ 29ರಿಂದ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಲ್ಲಿ ಮಸೂರ ಬೇಳೆ, ಬಾದಾಮಿ, ಕಿತ್ತಳೆಗಳಿಗೆ ಕೋಟಾ ಸಹಿತ ರಿಯಾಯಿತಿ ಸಿಕ್ಕಿತು; ಕಡಲೆಯನ್ನು ಮಾತ್ರ ಸೂಕ್ಷ್ಮ ಸರಕೆಂದು ಹೊರಗಿಡಲಾಯಿತು. ಅಲ್ಲಿಗೆ ಎರೆಹೊಲದ ರೈತನಿಗೆ ರಕ್ಷಣೆ ಸಿಕ್ಕಂತಾಯಿತು. ಆದರೆ 2024ರ ಮೇ ತಿಂಗಳಲ್ಲಿ, ಬೆಲೆ ಏರಿಕೆ ತಡೆಯಲೆಂದು, ಭಾರತ ದೇಶಿ ಕಡಲೆಯ ಸುಂಕವನ್ನು ತಾನಾಗಿಯೇ ತೆಗೆದುಹಾಕಿತು. ಆಸ್ಟ್ರೇಲಿಯಾದಲ್ಲಿ ಅದು ಕಡಲೆ ಬಿತ್ತುವ ಕಾಲ. ಅಲ್ಲಿನ ಬೆಳೆಗಾರರು ಬಿತ್ತನೆ ಹೆಚ್ಚಿಸಿ, ವರ್ಷದ ಕೊನೆಗೆ ಕಟಾವು ಮಾಡಿ, ಹಡಗು ತುಂಬಿ ಕಳುಹಿಸಿದರು. ಗದಗ, ಲಕ್ಷ್ಮೇಶ್ವರದ ರೈತರು ತಮ್ಮ ರಾಶಿ ಮಾಡಿ ಚೀಲ ಹೊಲಿಯುವ ಮೊದಲೇ ಆ ಮಾಲು ಬಂದರಿಗೆ ಮುಟ್ಟಿತ್ತು. 2025ರ ಏಪ್ರಿಲ್ 1ರಿಂದ ಶೇ. 10ರ ಸುಂಕ ಮತ್ತೆ ಬಂತು. ಅಷ್ಟರಲ್ಲಿ ಇಲ್ಲಿನ ಸುಗ್ಗಿ ಮುಗಿದಿತ್ತು.

ತಾಂಜಾನಿಯಾದಂಥ ಅತಿ ಹಿಂದುಳಿದ ದೇಶಗಳಿಗೆ 2008ರಿಂದ ಭಾರತ ನೀಡುತ್ತಿರುವ ಸುಂಕರಹಿತ ಪ್ರವೇಶದಡಿ ಬರುವ ಕಡಲೆಯೂ ಉಂಟು. ಇವೆರಡಕ್ಕಿಂತ ಆಳವಾಗಿ ನಾಟುವುದು ಬದಲಿ ಸರಕು. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಯ ಆಮದನ್ನು ಸುಂಕವಿಲ್ಲದೆ ಬಿಡಲಾಯಿತು. ಕೆನಡಾ, ರಷ್ಯಾಗಳಿಂದ ಬಂದ ಬಟಾಣಿ ಬೇಳೆಯಾಗಿ, ಹಿಟ್ಟಾಗಿ ಕಡಲೆಯ ಜಾಗ ಹಿಡಿಯತೊಡಗಿತು. ಆ ಎರಡೂ ದೇಶಗಳೊಂದಿಗೆ ಭಾರತಕ್ಕೆ ಆಗ ಮುಕ್ತ ವ್ಯಾಪಾರ ಒಪ್ಪಂದವೇ ಇರಲಿಲ್ಲ. 2025ರ ನವೆಂಬರ್ 1ರಿಂದ ಬಟಾಣಿಗೆ ಶೇ. 30ರ ಸುಂಕ ಹಾಕಲಾಯಿತು.

ಇದರ ಪರಿಣಾಮ ನೋಡಲು ಗದಗದ ಮಿರ್ಚಿ ಅಂಗಡಿಗಿಂತ ಹತ್ತಿರದ ಜಾಗವಿಲ್ಲ. ಮಿರ್ಚಿಗೆ ಬೇಕಾದ್ದು ಕಡಲೆ ಹಿಟ್ಟು, ಎಣ್ಣೆ, ಮೆಣಸಿನಕಾಯಿ. ಕಡಲೆ ತುಟ್ಟಿಯಾದರೆ ಹಿಟ್ಟಿನ ಗಿರಣಿ ಬಟಾಣಿ ಬೆರೆಸಬಹುದು; ಬಾಣಲೆಯಲ್ಲಿ ಕಾಯುವ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯಾಗಿರಬಹುದು. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಕಡಲೆ, ಶೇಂಗಾ, ಕುಸುಬೆ ಬೆಳೆದರೂ ತಟ್ಟೆಯಲ್ಲಿ ಊರಿನದೆಂದು ಖಾತ್ರಿ ಹೇಳಬಹುದಾದದ್ದು ಕೊನೆಗೆ ಮೆಣಸಿನಕಾಯಿಯಷ್ಟೇ ಆಗಬಹುದು. ಕಡಲೆಗೆ 2025-26ರ ಮಾರಾಟ ಹಂಗಾಮಿಗೆ ಕ್ವಿಂಟಲ್‌ಗೆ 5,650 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು. ಖರೀದಿ ಕೇಂದ್ರ ಬಾಗಿಲು ತೆರೆಯುವ ಮೊದಲೇ ಸಾಲ ತೀರಿಸಲು ಮಾರಬೇಕಾದವನಿಗೆ ಆ ಬೆಲೆ ಪತ್ರಿಕೆಯಲ್ಲಿ ಮಾತ್ರ ಇರುತ್ತದೆ.

ಕುಸುಬೆ, ಶೇಂಗಾ ಮತ್ತು ಎಣ್ಣೆಯ ಆಮದು

ಕುಸುಬೆ ಮುಳ್ಳಿನ ಗಿಡ. ದನ ನುಗ್ಗದಂತೆ ಜೋಳ, ಕಡಲೆಯ ಹೊಲದ ಅಂಚಿಗೆ ಅಥವಾ ನಡುವೆ ಅಕ್ಕಡಿ ಸಾಲಾಗಿ ಬಿತ್ತುವುದು ರೂಢಿ. ಕೊಯ್ಯುವಾಗ ಕೈಗೆ, ಕಾಲಿಗೆ ಬಟ್ಟೆ ಸುತ್ತಿಕೊಳ್ಳಬೇಕು. ಇಷ್ಟು ಕಷ್ಟದ ಕೊಯ್ಲಿಗೆ ತಕ್ಕ ಬೆಲೆ ಸಿಗದಿದ್ದಾಗ ಅದನ್ನು ಬಿತ್ತುವವರು ಕಡಿಮೆಯಾದರು.

1986ರಲ್ಲಿ ಆರಂಭವಾದ ಎಣ್ಣೆಬೀಜ ತಾಂತ್ರಿಕ ಅಭಿಯಾನದಿಂದ 1990ರ ದಶಕದ ಆರಂಭಕ್ಕೆ ಭಾರತ ಅಡುಗೆ ಎಣ್ಣೆಯಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. 1994-95ರಲ್ಲಿ ಆಮದು ಮುಕ್ತವಾಯಿತು. ಆಮೇಲೆ ಸುಂಕ ಇಳಿಯುತ್ತ ಹೋದಂತೆ ತಾಳೆ ಎಣ್ಣೆ ಪೇಟೆ ಹಿಡಿಯಿತು. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನೊಂದಿಗೆ ಮಾಡಿಕೊಂಡು 2010ರ ಜನವರಿ 1ರಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಭಾರತ ಕಚ್ಚಾ ತಾಳೆ ಎಣ್ಣೆಯ ಸುಂಕವನ್ನು ಶೇ. 80ರಿಂದ 37.5ಕ್ಕೂ ಸಂಸ್ಕರಿಸಿದ್ದರ ಸುಂಕವನ್ನು ಶೇ. 90ರಿಂದ 45ಕ್ಕೂ 2019ರ ಕೊನೆಯೊಳಗೆ ಇಳಿಸಲು ಒಪ್ಪಿತು. ಆದರೆ ಹಣದುಬ್ಬರದ ಭಯದಿಂದ ಸರ್ಕಾರ ಅನೇಕ ವರ್ಷ ಈ ಮಿತಿಗಿಂತ ಬಹಳ ಕೆಳಗೇ ಸುಂಕವನ್ನಿಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಎಣ್ಣೆಗಳ ಮೂಲ ಸುಂಕ ಸೊನ್ನೆಯಿಂದ ಶೇ. 20ಕ್ಕೆ ಏರಿತು, ಎಂಟು ತಿಂಗಳಲ್ಲಿ, 2025ರ ಮೇ ಕೊನೆಗೆ, ಶೇ. 10ಕ್ಕೆ ಇಳಿಯಿತು. ಬಿತ್ತುವಾಗ ಒಂದು ಸುಂಕ, ಮಾರುವಾಗ ಇನ್ನೊಂದು. ಇಂಥ ಅನಿಶ್ಚಿತತೆಯಲ್ಲಿ ಮಸಾರಿ ನೆಲದ ಶೇಂಗಾ ಬೆಳೆಗಾರ ಯಾವ ಲೆಕ್ಕ ಹಾಕಿ ಬೀಜ ಕೊಳ್ಳಬೇಕು?

ಮೂಲದ ನಿಯಮ ಸಡಿಲವಾದರೆ ಏನಾಗುತ್ತದೆಂಬುದಕ್ಕೂ ಎಣ್ಣೆಯಲ್ಲೇ ಉದಾಹರಣೆಗಳಿವೆ. 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದದಡಿ, ಹೊರದೇಶದ ತಾಳೆ ಎಣ್ಣೆಯಿಂದ ಅಲ್ಲಿ ತಯಾರಾದ ವನಸ್ಪತಿ ಸುಂಕವಿಲ್ಲದೆ ಭಾರತಕ್ಕೆ ಹರಿಯಿತು. 2024ರ ಸುಂಕ ಏರಿಕೆಯ ನಂತರ, ಸೋಯಾಬೀನ್‌ ಅಷ್ಟಾಗಿ ಬೆಳೆಯದ ನೇಪಾಳದಿಂದ ಸಂಸ್ಕರಿಸಿದ ಸೋಯಾ ಎಣ್ಣೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದ ಶೂನ್ಯ ಸುಂಕದಲ್ಲಿ ಬರತೊಡಗಿತು.

ಮೆಡಿಟರೇನಿಯನ್ ತೀರದ ಆಲಿವ್ ಎಣ್ಣೆ ಈಗ ಸುಂಕ ಇಳಿಯುವ ಎಣ್ಣೆಗಳ ಪಟ್ಟಿಗೆ ಸೇರುತ್ತಿದೆ. 2007ರಲ್ಲಿ ಆರಂಭವಾಗಿ 2013ರಲ್ಲಿ ನಿಂತು 2022ರಲ್ಲಿ ಮತ್ತೆ ಕೈಗೆತ್ತಿಕೊಂಡ ಭಾರತ-ಐರೋಪ್ಯ ಒಕ್ಕೂಟ ಮಾತುಕತೆ ಮುಗಿಯಿತೆಂದು 2026ರ ಜನವರಿ 27ರಂದು ಘೋಷಿಸಲಾಯಿತು. ಅದರ ಪ್ರಕಾರ ಆಲಿವ್ ಎಣ್ಣೆಯ ಶೇ. 45ರ ಸುಂಕ ಐದು ವರ್ಷಗಳಲ್ಲಿ ಸೊನ್ನೆಯಾಗಬೇಕು, ವೈನ್‌ನ ಶೇ. 150ರ ಸುಂಕವೂ ಹಂತಹಂತವಾಗಿ ಇಳಿಯಬೇಕು. ಆಲಿವ್ ಎಣ್ಣೆ ಮಿರ್ಚಿ ಬಾಣಲೆಗೆ ಬರುವ ಸರಕಲ್ಲ. ಹೃದಯಕ್ಕೆ ಒಳ್ಳೆಯದೆಂದು ಹೆಚ್ಚು ಬೆಲೆ ಕೊಟ್ಟು ಎಣ್ಣೆ ಕೊಳ್ಳುವ ನಗರದ ಗ್ರಾಹಕರನ್ನು ಅದು ಹುಡುಕಿಕೊಂಡು ಬರುತ್ತದೆ. ಗಾಣದ ಕುಸುಬೆ ಎಣ್ಣೆ, ಶೇಂಗಾ ಎಣ್ಣೆ ನೆಚ್ಚಿಕೊಂಡಿರುವುದೂ ಅದೇ ಗ್ರಾಹಕರನ್ನು.

ಉಳ್ಳಾಗಡ್ಡಿ

ಎರೆಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಯನ್ನು ಒಂದೇ ಹೊಲದಲ್ಲಿ ಕೂಡಿಸಿ ಬೆಳೆಯುವುದು ಧಾರವಾಡ-ಗದಗ ಸೀಮೆಯ ಹಳೆಯ ಜಾಣತನ. ಮೊದಲು ಉಳ್ಳಾಗಡ್ಡಿ ಕಿತ್ತು ಕೈಗೆ ಕಾಸು, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ.

ಜಗತ್ತಿನ ಪೇಟೆಯಲ್ಲಿ ಭಾರತದ ಈರುಳ್ಳಿಗೆ ಈಜಿಪ್ಟ್, ತುರ್ಕಿ ಪೈಪೋಟಿ ಕೊಡುತ್ತವೆ. ಭಾರತ-ಯುಎಇ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಕೊಲ್ಲಿ ದೇಶಗಳು ಭಾರತದ ಈರುಳ್ಳಿಗೆ ದೊಡ್ಡ ಗಿರಾಕಿ. ಆದರೆ 2023ರ ಡಿಸೆಂಬರ್ 8ರಿಂದ ಭಾರತವೇ ಈರುಳ್ಳಿ ರಫ್ತು ನಿಷೇಧಿಸಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆರವಾದರೂ ಕನಿಷ್ಠ ರಫ್ತು ಬೆಲೆ ಮತ್ತು ಶೇ. 40ರ ರಫ್ತು ಸುಂಕ ಉಳಿದವು. ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ರಂದು. ಆ ಅವಧಿಯಲ್ಲಿ ಗಿರಾಕಿಗಳು ಬೇರೆ ದೇಶಗಳತ್ತ ಹೊರಳಿದರು.

ರಫ್ತಿನ ಬಾಗಿಲು ತೆರೆದಿದ್ದರೂ ಸಣ್ಣ ರೈತನ ಕಷ್ಟ ತೀರದು. 2022ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೋ ಉಳ್ಳಾಗಡ್ಡಿಯನ್ನು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಒಯ್ದರು. ಕ್ವಿಂಟಲ್‌ಗೆ 200 ರೂಪಾಯಿಯಂತೆ ಬಂದದ್ದು 410 ರೂಪಾಯಿ. ಲಾರಿ ಬಾಡಿಗೆ, ಹಮಾಲಿ ಕಳೆದು ಅವರ ಪಟ್ಟಿಯಲ್ಲಿ ಉಳಿದದ್ದು 8 ರೂಪಾಯಿ 36 ಪೈಸೆ. ಆ ಚೀಟಿ ರಾಜ್ಯದಾದ್ಯಂತ ಸುದ್ದಿಯಾಯಿತು. ಊರ ಹತ್ತಿರ ಕೆಡದಂತೆ ಇಡುವ ಜಾಗವೂ ಸಂಸ್ಕರಣೆಯ ಸೌಕರ್ಯವೂ ಇಲ್ಲದಾಗ ಯಾವ ಒಪ್ಪಂದದ ಲಾಭವೂ ಹೊಲದವರೆಗೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಒಣಮೆಣಸಿನಕಾಯಿ

2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಗದಗ, ಮುಂಡರಗಿ ಸೀಮೆಯಲ್ಲೂ ಬೆಳೆಯುತ್ತಾರೆ. ಖಾರ ಕಡಿಮೆ, ಬಣ್ಣ ಹೆಚ್ಚು. ಹೀಗಾಗಿ ಯುರೋಪಿನ ಆಹಾರ ಉದ್ಯಮದಲ್ಲಿ ಇದರ ಬಣ್ಣದ ಸಾರಕ್ಕೆ ಸ್ಪೇನಿನ ಪಾಪ್ರಿಕಾದೊಂದಿಗೆ ನೇರ ಪೈಪೋಟಿ. ಇಲ್ಲಿ ಸುಂಕಕ್ಕಿಂತ ದೊಡ್ಡ ಗೋಡೆ ಗುಣಮಟ್ಟದ ನಿಯಮ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸುಡಾನ್-1 ಎಂಬ ನಿಷೇಧಿತ ಬಣ್ಣ ಸಿಕ್ಕಾಗ ಐರೋಪ್ಯ ಒಕ್ಕೂಟ ತುರ್ತು ತಪಾಸಣೆ ಕಡ್ಡಾಯ ಮಾಡಿತು. ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷಕ್ಕೆ ಅಲ್ಲಿನ ಮಿತಿ ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ. ನೆಲದ ಮೇಲೆ ಹರವಿ ಒಣಗಿಸಿದ ಕಾಯಿಗೆ ರಾತ್ರಿಯ ಮಂಜೋ ಅಕಾಲ ಮಳೆಯೋ ತಾಗಿದರೆ ಈ ಮಿತಿ ದಾಟುವುದು ಕಷ್ಟವೇನಲ್ಲ. ಆದ್ದರಿಂದ ತಾಡಪಾಲು, ಒಣಗಿಸುವ ಕಟ್ಟೆ, ಹತ್ತಿರದ ಪರೀಕ್ಷಾಲಯ ಇವು ವ್ಯಾಪಾರ ನೀತಿಯ ಭಾಗವೇ.

ದಾಳಿಂಬೆ, ದ್ರಾಕ್ಷಿ, ಮಿಡಿಸೌತೆ

ದ್ರಾಕ್ಷಿ ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಕಡೆಯ ಬೆಳೆ. ದಾಳಿಂಬೆ ಕೊಪ್ಪಳ, ಬಾಗಲಕೋಟೆಗಳ ಜೊತೆ ಗದಗದ ಕೊಳವೆಬಾವಿ ತೋಟಗಳಲ್ಲೂ ಇದೆ. 2010ರಲ್ಲಿ ಕ್ಲೋರ್ಮಿಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆ ಕಂಡುಬಂದು ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾದಾಗ ಬೆಳೆಗಾರರು ಭಾರೀ ನಷ್ಟ ಉಂಡರು. ಆ ಬಳಿಕ ಕೃಷಿ ರಫ್ತು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಅಪೆಡಾದ ದ್ರಾಕ್ಷಿ ತೋಟ ನೋಂದಣಿ ವ್ಯವಸ್ಥೆ ಬಿಗಿಯಾಯಿತು.

ಯಶಸ್ಸಿನ ಕಥೆಯೂ ಇದೆ. ಗರ್ಕಿನ್ ಎಂದು ಕರೆಯುವ ಮಿಡಿಸೌತೆಯ ಬೇಸಾಯ 1990ರ ದಶಕದಲ್ಲಿ ಕರ್ನಾಟಕದಲ್ಲೇ ಆರಂಭವಾಯಿತು. 2020-21ರಲ್ಲಿ ಭಾರತ 2,23,515 ಟನ್ ಸೌತೆ ಮತ್ತು ಮಿಡಿಸೌತೆ ರಫ್ತು ಮಾಡಿ ಜಗತ್ತಿನ ಅತಿ ದೊಡ್ಡ ರಫ್ತುದಾರನಾಯಿತು. ಇದು ಸಾಧ್ಯವಾದದ್ದು ಯಾವ ದೊಡ್ಡ ಒಪ್ಪಂದದಿಂದಲೂ ಅಲ್ಲ. ಬೀಜದಿಂದ ಬ್ಯಾರಲ್‌ವರೆಗೆ ಕಂಪನಿ ಮತ್ತು ಸಣ್ಣ ರೈತರ ನಡುವೆ ಬೆಲೆ ಮೊದಲೇ ಗೊತ್ತಾಗಿದ್ದ ಕರಾರಿನಿಂದ.

ಮೆಡಿಟರೇನಿಯನ್ ತೀರದ ಅನುಭವ

ತಮ್ಮ ಬೆಳೆಗಳನ್ನು ಯುರೋಪಿನ ದೇಶಗಳು ಎಷ್ಟು ಜತನದಿಂದ ಕಾಯುತ್ತವೆಂಬುದು ಗಮನಿಸಬೇಕಾದ ಸಂಗತಿ. 1995ರ ಬಾರ್ಸಿಲೋನಾ ಘೋಷಣೆಯ ಆಚೀಚೆ ಐರೋಪ್ಯ ಒಕ್ಕೂಟ ಟ್ಯುನೀಷಿಯಾ, ಮೊರಾಕ್ಕೊ, ಈಜಿಪ್ಟ್ ಮೊದಲಾದ ದೇಶಗಳೊಂದಿಗೆ ಸಹಭಾಗಿತ್ವ ಒಪ್ಪಂದ ಮಾಡಿಕೊಂಡಿತು. ಕೈಗಾರಿಕಾ ಸರಕು ಬೇಗ ಮುಕ್ತವಾಯಿತು. ತರಕಾರಿ, ಹಣ್ಣು, ಎಣ್ಣೆಗೆ ಮಾತ್ರ ಬೇಲಿ ಉಳಿಯಿತು. ಮೊರಾಕ್ಕೊದ ಟೊಮ್ಯಾಟೊಗೆ ಅಕ್ಟೋಬರ್‌ನಿಂದ ಮೇವರೆಗೆ ತಿಂಗಳಿಗಿಷ್ಟೆಂದು ಕೋಟಾ ಹಂಚಲಾಗಿದೆ. ಗೊತ್ತುಪಡಿಸಿದ ಕನಿಷ್ಠ ‘ಪ್ರವೇಶ ಬೆಲೆ’ಗಿಂತ ಕೆಳಗೆ ಮಾರಿದರೆ ಹೆಚ್ಚುವರಿ ಸುಂಕ ಬೀಳುತ್ತದೆ. ಟ್ಯುನೀಷಿಯಾದ ಆಲಿವ್ ಎಣ್ಣೆಗೆ ವರ್ಷಕ್ಕೆ 56,700 ಟನ್ ಸುಂಕರಹಿತ ಕೋಟಾ ಇದೆ. 2016, 2017ರಲ್ಲಿ ಮಾತ್ರ ಹೆಚ್ಚುವರಿಯಾಗಿ ತಲಾ 35,000 ಟನ್ ಬಿಡಲಾಯಿತು.

ಸ್ಪೇನಿನ ಟೊಮ್ಯಾಟೊ ಬೆಳೆಗಾರನ ಸುಗ್ಗಿ ಯಾವ ತಿಂಗಳೆಂದು ಆ ಒಪ್ಪಂದಕ್ಕೆ ಗೊತ್ತಿದೆ. ಗದಗದ ಕಡಲೆ ಬೆಳೆಗಾರನ ಸುಗ್ಗಿ ಶಿವರಾತ್ರಿಗೆ ಬರುತ್ತದೆಂದು ನಮ್ಮ ಸುಂಕದ ಅಧಿಸೂಚನೆಗಳಿಗೂ ಗೊತ್ತಿರಬೇಕು.

ಮುನ್ನೋಟ

2019ರ ನವೆಂಬರ್‌ನಲ್ಲಿ ಭಾರತ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಹೊರಗುಳಿಯಿತು. 2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಒಪ್ಪಂದದಲ್ಲಿ ಹಾಲಿನ ಉತ್ಪನ್ನ, ಸೇಬು, ಅಡುಗೆ ಎಣ್ಣೆಗಳನ್ನು ರಿಯಾಯಿತಿಯಿಂದ ಹೊರಗಿಟ್ಟಿತು. ಒಪ್ಪಂದದ ಮೇಜಿನಲ್ಲಿ ರೈತನ ಹಿತ ಕಾಯುವ ಅಭ್ಯಾಸ ಬೆಳೆದಿದೆ. ಆದರೆ ಮೇಜಿನಲ್ಲಿ ಉಳಿಸಿಕೊಂಡದ್ದನ್ನು ಸುಗ್ಗಿಯ ಹೊತ್ತಿಗೆ ಅಧಿಸೂಚನೆಯಲ್ಲಿ ಬಿಟ್ಟುಕೊಟ್ಟರೆ ಆ ಶ್ರಮ ವ್ಯರ್ಥ. 2025ರ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯಿರೆಂದು ರೈತರು ದಿನಗಟ್ಟಲೆ ಧರಣಿ ಕೂತದ್ದರ ಹಿಂದೆಯೂ ಇದೇ ನೋವಿತ್ತು: ಮಾಲು ಕಣದಲ್ಲಿದೆ, ಬೆಲೆ ಕಾಗದದಲ್ಲಿದೆ.

ಈ ಸೀಮೆಗೆ ಬೇಕಾದ್ದು ಮೂರು. ಕಡಲೆ, ಎಣ್ಣೆಬೀಜ, ಹತ್ತಿಯ ಆಮದು ಸುಂಕವನ್ನು ಬಿತ್ತನೆಗೆ ಮೊದಲೇ ಘೋಷಿಸಿ, ಕಟಾವಿನ ನಂತರದ ಮೂರ್ನಾಲ್ಕು ತಿಂಗಳು ಅದನ್ನು ಇಳಿಸದಿರುವುದು. ಮೂಲದ ನಿಯಮವನ್ನು ಬಂದರು ಮತ್ತು ಗಡಿಗಳಲ್ಲಿ ಕಟ್ಟುನಿಟ್ಟಾಗಿ ನೋಡುವುದು. ಊರಮಟ್ಟದಲ್ಲಿ ಉಗ್ರಾಣ, ಒಣಗಿಸುವ ಕಟ್ಟೆ, ಪರೀಕ್ಷಾಲಯ, ಅಡವಿನ ಸಾಲ ಒದಗಿಸಿ, ಬೆಲೆ ಬಿದ್ದ ದಿನವೇ ಮಾರಬೇಕಾದ ಗತಿಗೇಡಿನಿಂದ ರೈತನನ್ನು ಬಿಡಿಸುವುದು. ಮೊದಲ ಎರಡು ದೆಹಲಿಯ ಕೈಯಲ್ಲಿವೆ. ಮೂರನೆಯದನ್ನು ಮಾಡಿ ತೋರಿಸುವ ದಾರಿ 1905ರಷ್ಟು ಹಿಂದೆಯೇ ಕಣಗಿನಹಾಳದಲ್ಲಿ ತೆರೆದಿದೆ; ಅದನ್ನು ಇಂದಿನ ಪೇಟೆಗೆ ತಕ್ಕಂತೆ ಮತ್ತೆ ಕಟ್ಟುವ ಹೊಣೆ ಜಿಲ್ಲೆಯ ಸಹಕಾರ ಸಂಘಗಳ ಮತ್ತು ರೈತ ಉತ್ಪಾದಕ ಕಂಪನಿಗಳ ಮೇಲಿದೆ.